ಉಸಿರನ್ನು ಕಾಯುವ ಮನೆ



ಇಂದಿನ ಶಿವಾನುಭವದಲ್ಲಿ ಉಸಿರಿನ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದು ನಾವು ಯೋಚಿಸಿದ್ದೇವೆ. ಉಸಿರಿನಲ್ಲಿ ಹೇಳುವಂಥದ್ದೇನಿದೆ ಎಂದು ತಮಗೆ ಅನ್ನಿಸಬಹುದು. ಅನ್ನವಿಲ್ಲದೆ ಮನುಷ್ಯ ಕೆಲವು ವಾರ ಇರಬಲ್ಲ. ನೀರಿಲ್ಲದೆ ಕೆಲವು ದಿನ ಇರಬಲ್ಲ. ಉಸಿರಿಲ್ಲದೆ ಕೆಲವು ನಿಮಿಷ ಇರುವುದೂ ಕಷ್ಟ. ಸುಮ್ಮನೆ ಕುಳಿತ ಮನುಷ್ಯ ಒಂದು ನಿಮಿಷಕ್ಕೆ 12ರಿಂದ 20 ಸಾರಿ ಉಸಿರಾಡುತ್ತಾನೆ ಎಂದು ಡಾಕ್ಟರರು ಹೇಳುತ್ತಾರೆ. ನಿಮಿಷಕ್ಕೆ 15 ಎಂದು ಹಿಡಿದರೆ ಒಂದು ಹಗಲು ಒಂದು ರಾತ್ರಿಗೆ 21,600 ಆಗುತ್ತದೆ. ನಮ್ಮ ಯೋಗಿಗಳು ಹೇಳಿಕೊಂಡು ಬಂದ ಲೆಕ್ಕವೂ ಇದೇ. ದಿನಕ್ಕೆ ಇಷ್ಟು ಸಾರಿ ನಡೆಯುವ ಈ ಕೆಲಸವನ್ನು ನಾವು ಒಂದು ಸಾರಿಯಾದರೂ ನೆನೆಯುತ್ತೇವೆಯೇ? ಇಲ್ಲ. ನೆನೆಯುವವರು ಒಬ್ಬರೇ. ಅವರು ಉಬ್ಬಸದವರು, ದಮ್ಮಿನವರು. ಅವರಿಗೆ ಪ್ರತಿಯೊಂದು ಉಸಿರೂ ಲೆಕ್ಕವೇ. ನಮಗೆ ಪುಕ್ಕಟೆ ಸಿಕ್ಕದ್ದನ್ನು ಅವರು ದುಡಿದು ಗಳಿಸುತ್ತಾರೆ.

ಇಂಥವರ ಪಾಲಿಗೆ 2020 ಮತ್ತು 2021ನೆಯ ವರ್ಷಗಳು ಹೇಗಿದ್ದವು ಎಂಬುದನ್ನು ತಾವು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಜಗತ್ತನ್ನೆಲ್ಲ ಆವರಿಸಿದ ಮಹಾಮಾರಿ ಎಂದು ಸಾರಿತು. ಅದೇ ವಾರದಲ್ಲಿ ನಮ್ಮ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಇಡೀ ಭಾರತದಲ್ಲಿ ಈ ರೋಗದಿಂದಾದ ಮೊದಲನೆಯ ಸಾವೆಂದು ದಾಖಲಾದದ್ದು ಅದೇ. ಅವರಿಗೆ ರಕ್ತದೊತ್ತಡವೂ ಉಬ್ಬಸವೂ ಇದ್ದುವೆಂದು ಸರ್ಕಾರದ ಪ್ರಕಟಣೆ ತಿಳಿಸಿತು. ಆ ಸುದ್ದಿ ಬಂದ ದಿನ ನಾಡಿನ ಎಷ್ಟೋ ಮನೆಗಳಲ್ಲಿ ದಮ್ಮಿನವರು ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ಕುಳಿತರು. ಮಾರ್ಚ್ 25ರಿಂದ ಇಡೀ ದೇಶ ಬಾಗಿಲು ಹಾಕಿಕೊಂಡಿತು. ಎಲ್ಲರ ಬಾಯಲ್ಲೂ ಒಂದೇ ಮಾತು: ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ.

ಮಾತು ಸರಿಯಾದದ್ದೇ. ಆದರೆ ಮನೆಯಲ್ಲಿ ಇದ್ದ ಮಾತ್ರಕ್ಕೆ ಸುರಕ್ಷಿತ ಆಗುತ್ತೇವೆಯೇ? ಇದನ್ನು ನಾವು ವಿಚಾರ ಮಾಡಬೇಕು.

ನಮ್ಮ ಹಿರಿಯರು ಬೇರೊಂದು ಮಾರಿಯನ್ನು ಕಂಡವರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಯೂ ಆ ಕಾಲದಲ್ಲೇ ಹಬ್ಬಿತು. ಮನೆಯಲ್ಲಿ ಇಲಿ ಬಿತ್ತೆಂದರೆ ಸಾಕು, ಜನರು ಊರನ್ನೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಆ ರೋಗ ಇಲಿಯ ಮೈಮೇಲಿನ ಚಿಗಟದಿಂದ ಬರುವಂಥದು. ಆದ್ದರಿಂದ ಮನೆ ಬಿಟ್ಟು ಹೊರಗೆ ಹೋದವನಿಗೆ ಬದುಕುವ ದಾರಿ ಇತ್ತು. ಕೋವಿಡ್ ಬರುವುದು ಮನುಷ್ಯನ ಉಸಿರಿನಿಂದ ಮನುಷ್ಯನಿಗೆ. ಆದ್ದರಿಂದ ಜನಸಂದಣಿ ಬಿಟ್ಟು ಒಳಗೆ ಇದ್ದವನಿಗೆ ದಾರಿ ಇತ್ತು. ಹೊರಗೆ ಹೋಗುವುದೂ ಮಂತ್ರವಲ್ಲ, ಒಳಗೆ ಕೂಡುವುದೂ ಮಂತ್ರವಲ್ಲ. ರೋಗ ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿದು ನಡೆಯುವುದೇ ಮಂತ್ರ.

ನಾವು ಕಂಡ ಒಂದು ಮನೆಯ ವಿಷಯ ಹೇಳುತ್ತೇವೆ. ಊರಿನ ಹೆಸರು ಬೇಡ. 2020ರ ಮಳೆಗಾಲದಲ್ಲಿ ಒಬ್ಬ ಭಕ್ತರು ಮಠಕ್ಕೆ ಫೋನು ಮಾಡಿದರು. "ಅಜ್ಜಾರ, ನಮ್ಮವ್ವಗ ದಮ್ಮು ಭಾಳ ಆಗೇತ್ರಿ. ನಾಲ್ಕು ತಿಂಗಳಾತು, ಹೊಸ್ತಿಲಾ ದಾಟಿಸಿಲ್ಲ. ಆದ್ರೂ ಕಡಿಮಿ ಆಗವಲ್ದು" ಎಂದರು. ಅವ್ವ ಎಲ್ಲಿ ಇದ್ದಾಳಪ್ಪಾ ಎಂದು ಕೇಳಿದೆವು. "ಹಿಂದಿನ ಖೋಲ್ಯಾಗ ಇಟ್ಟೀವ್ರಿ, ಯಾರೂ ಹೋಗಂಗಿಲ್ಲ" ಎಂದರು. ಆ ಖೋಲಿಯಲ್ಲಿ ಏನೇನಿದೆ? ಮೆಣಸಿನಕಾಯಿಯ ಚೀಲ, ಜೋಳದ ಚೀಲ. ಕಿಟಕಿ? ಇದ್ದ ಒಂದು ಕಿಟಕಿಯನ್ನೂ ರೋಗ ಒಳಗೆ ಬಂದೀತೆಂದು ಮುಚ್ಚಿದ್ದರು. ಪಕ್ಕದಲ್ಲಿ ನೀರು ಕಾಯಿಸುವ ಒಲೆ. ಸೊಳ್ಳೆಗೆಂದು ರಾತ್ರಿಯೆಲ್ಲ ಹೊಗೆಬತ್ತಿ.

ತಾಯಿಯ ಕೈಗೆ ಫೋನು ಕೊಡಪ್ಪಾ ಎಂದೆವು. ಆ ತಾಯಿ ಮಗ ದೂರ ಹೋದನೆಂದು ಖಾತ್ರಿ ಮಾಡಿಕೊಂಡು ಮೆಲ್ಲನೆ ಹೇಳಿದಳು: "ಯಪ್ಪಾ, ಕೆಮ್ಮಿದ್ರ ಮಕ್ಕಳು-ಮರಿ ಅಂಜತಾವು. ಅದಕ್ಕ ಸೆರಗು ಬಾಯಾಗ ತುರುಕ್ಕೊಂಡು ಕೆಮ್ಮತೀನಿ. ಪಂಪು ಹೊಡಕೊಂಡ್ರ ಸಪ್ಪಳ ಆಗತೈತಿ, ಬ್ಯಾನಿ ಹೆಚ್ಚಾತು ಅಂತಾರ. ಅದನ್ನೂ ಬಿಟ್ಟೀನಿ."

ಬಂಧುಗಳೇ, ಈ ಮಾತು ಕೇಳಿ ನಮಗೆ ಬಹಳ ಹೊತ್ತು ಮಾತು ಹೊರಡಲಿಲ್ಲ. ಆ ಮಗ ಕೆಟ್ಟವನಲ್ಲ. ಸೊಸೆಯಂದಿರು ಕೆಟ್ಟವರಲ್ಲ. ತಾಯಿಯನ್ನು ಉಳಿಸಿಕೊಳ್ಳಬೇಕೆಂದೇ ಅವರು ಅಷ್ಟೆಲ್ಲ ಮಾಡಿದ್ದರು. ಆದರೆ ಆದದ್ದೇನು? ಕಳ್ಳ ಬಂದಾನೆಂದು ಒಬ್ಬ ಒಕ್ಕಲಿಗ ಮುಂಬಾಗಿಲಿಗೆ ಕಬ್ಬಿಣದ ಪಟ್ಟಿ ಹೊಡೆಸಿ ಮೂರು ಬೀಗ ಹಾಕಿದನಂತೆ. ಆರು ತಿಂಗಳ ಮೇಲೆ ಒಳಗೆ ಹೋಗಿ ನೋಡಿದರೆ ಕಾಳನ್ನೆಲ್ಲ ಇಲಿ ತಿಂದು ಮುಗಿಸಿತ್ತು. ಹಾಗಾಯಿತು. ಹೊರಗಿನ ರೋಗಕ್ಕೆ ಬಾಗಿಲು ಹಾಕಿದರು. ಹೊಗೆ, ಘಾಟು, ಅಂಜಿಕೆ, ಮುಚ್ಚುಮರೆ ಇವೆಲ್ಲ ಒಳಗೇ ಉಳಿದವು.

ದಮ್ಮಿನ ಮನುಷ್ಯನು ಮನೆಯಲ್ಲಿ ಸುರಕ್ಷಿತವಾಗಿ ಇರಬೇಕಾದರೆ ಏನೇನು ಬೇಕು ಎಂಬುದನ್ನು ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು ಗಾಳಿ. ಮುಚ್ಚಿದ ಕೋಣೆಯಲ್ಲಿ ಒಂದು ಊದಿನಕಡ್ಡಿ ಹಚ್ಚಿ ನೋಡಿರಿ. ಅದು ಉರಿದು ಮುಗಿದು ಎಷ್ಟೋ ಹೊತ್ತಾದರೂ ಹೊಗೆ ಅಲ್ಲೇ ಸುತ್ತುತ್ತಿರುತ್ತದೆ. ಕಿಟಕಿ ತೆರೆದರೆ ಸ್ವಲ್ಪ ಹೊತ್ತಿನಲ್ಲೇ ಚದುರುತ್ತದೆ. ಸೋಂಕಿದವನು ಮಾತಾಡಿದಾಗ, ಕೆಮ್ಮಿದಾಗ ಹೊರಬರುವ ಸೂಕ್ಷ್ಮ ಹನಿಗಳೂ ಹೀಗೆಯೇ. ಅವು ಮುಚ್ಚಿದ ಕೋಣೆಯಲ್ಲಿ ತೇಲುತ್ತವೆ, ತೆರೆದ ಗಾಳಿಯಲ್ಲಿ ಚದುರಿ ತೆಳುವಾಗುತ್ತವೆ. ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇಡುತ್ತಿದ್ದರಲ್ಲ, ಅದು ಬೆಳಕಿಗೊಂದೇ ಅಲ್ಲ, ಗಾಳಿಗೂ ಹೌದು. ಜನರಿಗೆ ಬಾಗಿಲು ಹಾಕಿರಿ, ಗಾಳಿಗೆ ಹಾಕಬೇಡಿರಿ. ಮನೆಯಲ್ಲಿ ಯಾರಿಗಾದರೂ ಜ್ವರ, ನೆಗಡಿ ಬಂದರೆ ಆ ಸೋಂಕಿನವರು ಬೇರೆ ಕೋಣೆಯಲ್ಲಿರಲಿ, ಬಾಯಿ-ಮೂಗು ಕಟ್ಟಿಕೊಳ್ಳಲಿ. ದಮ್ಮಿನವರಿಗೆ ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಗಾಳಿಯಾಡುವ ಜಾಗ ಕೊಡಿರಿ. ಆ ತಾಯಿಯನ್ನು ಪಡಸಾಲೆಯ ಕಿಟಕಿಯ ಬಳಿಗೆ ತರಬೇಕೆಂದು ನಾವು ಹೇಳಿದ್ದು ಇದಕ್ಕೇ.

ಎರಡನೆಯದು ಹೊಗೆ. ಬೀಡಿ-ಸಿಗರೇಟು ಸೇದದ ಎಷ್ಟೋ ತಾಯಂದಿರಿಗೆ ಇಳಿವಯಸ್ಸಿನಲ್ಲಿ ದಮ್ಮು ಬರುತ್ತದೆ. ಅದು ಎಲ್ಲಿಂದ ಬಂತು? ಮೂವತ್ತು ನಲವತ್ತು ವರ್ಷ ಒಲೆಯ ಮುಂದೆ ಕುಳಿತು ಊದುಗೊಳವಿ ಊದಿದ್ದರಿಂದ ಬಂತು. ಕಟ್ಟಿಗೆಯ ಹೊಗೆ, ಕುಳ್ಳಿನ ಹೊಗೆ ಪುಪ್ಪುಸದ ಒಳಗಿನ ನಾಳಗಳನ್ನು ಮೆಲ್ಲಮೆಲ್ಲನೆ ಕೆಡಿಸುತ್ತದೆ. ಮನೆಮಂದಿಗೆ ರೊಟ್ಟಿ ಬಡಿದು ಹಾಕಿದ ಕೈಗೆ ಮನೆ ಕೊಟ್ಟ ಪ್ರತಿಫಲ ಇದಾಗಬಾರದು. ಮನೆಯಲ್ಲಿ ಗ್ಯಾಸು ಇದ್ದರೂ ಸ್ನಾನದ ನೀರಿಗೆ ಒಲೆ ಹಚ್ಚುವುದುಂಟು. ಹಚ್ಚಲೇಬೇಕಾದರೆ ಮನೆಯ ಹೊರಗೆ ಹಚ್ಚಿರಿ. ಸೊಳ್ಳೆಗೆ ಪರದೆ ಕಟ್ಟಿರಿ, ಹೊಗೆಬತ್ತಿ ಬಿಡಿರಿ. ಮೆಣಸಿನಕಾಯಿ ಹುರಿಯುವಾಗ, ಕಾಳು ತೂರುವಾಗ ಅವರನ್ನು ದೂರ ಕೂಡಿಸಿರಿ. ಬೀಡಿ ಸೇದುವ ಗಂಡಸರು ಅಂಗಳಕ್ಕೆ ಹೋಗಿ ಸೇದಿದರೆ ಸಾಲದು, ಬಿಟ್ಟೇಬಿಡಬೇಕು. ಲಿಂಗಪೂಜೆಗೆ ಧೂಪ ಬೇಕಲ್ಲವೇ ಎಂದು ಒಬ್ಬರು ಕೇಳಿದರು. ಕರಸ್ಥಲದ ಲಿಂಗಕ್ಕೆ ಒಂದು ಪತ್ರಿ ಸಾಕು, ಭಕ್ತಿ ಸಾಕು. ಇನ್ನೊಬ್ಬರ ಉಸಿರು ಕಟ್ಟಿಸುವ ಧೂಪ ಬೇಡ.

ಮೂರನೆಯದು ಔಷಧಿ. ಪಂಪು ಹಿಡಿದರೆ ಅದೇ ಚಟವಾಗುತ್ತದೆ ಎಂಬ ಮಾತು ಹಳ್ಳಿಹಳ್ಳಿಯಲ್ಲಿದೆ. ಇದು ಶುದ್ಧ ಸುಳ್ಳು. ಗುಳಿಗೆಯ ಔಷಧಿ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಅದಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ ಔಷಧಿ ಬೇಕು. ಪಂಪಿನದು ನೆಟ್ಟಗೆ ಎದೆಗೆ ಹೋಗುತ್ತದೆ. ಅದರ ಲೆಕ್ಕ ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ಸಾವಿರದ ಒಂದು ಪಾಲು. ಇದರಲ್ಲಿ ಎರಡು ಬಗೆ ಉಂಟು. ದಮ್ಮು ಹತ್ತಿದಾಗ ಬಿಡಿಸುವುದು ಒಂದು. ದಮ್ಮು ಹತ್ತದಂತೆ ದಿನವೂ ಕಾಯುವುದು ಇನ್ನೊಂದು. ಈಗ ಆರಾಮ ಇದ್ದೇನಲ್ಲಾ ಎಂದು ಎರಡನೆಯದನ್ನು ಬಿಡುವವರೇ ಬಹಳ ಜನ. ಮಹಾಮಾರಿಯ ಕಾಲದಲ್ಲಿ ಇದನ್ನು ಬಿಡಬಾರದೆಂದು ತಜ್ಞ ವೈದ್ಯರು ಮೊದಲಿನಿಂದಲೂ ಹೇಳಿದರು. ಹತೋಟಿಯಲ್ಲಿರುವ ಉಬ್ಬಸದವರಿಗೆ ಕೋವಿಡ್ಡಿನಿಂದ ಅಂಥ ಹೆಚ್ಚಿನ ಅಪಾಯ ಕಾಣಲಿಲ್ಲ. ಹತೋಟಿ ತಪ್ಪಿದವರಿಗೆ, ಹೊಗೆಯಿಂದ ಪುಪ್ಪುಸವೇ ಸವೆದವರಿಗೆ ಅಪಾಯ ಹೆಚ್ಚಾಯಿತು. ಪಂಪಿಗೆ ಸ್ಪೇಸರ್ ಎಂಬ ಕೊಳವೆ ಹಾಕಿಕೊಂಡರೆ ಔಷಧಿ ಗಂಟಲಲ್ಲಿ ನಿಲ್ಲದೆ ಒಳಗೆ ಇಳಿಯುತ್ತದೆ. ದಿನದ ಪಂಪು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಒಂದು ತಿಂಗಳಿಗಾಗುವಷ್ಟು ಔಷಧಿ ಮನೆಯಲ್ಲಿ ಇರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು.

ಆದರೆ ಯಾರೋ ಬರೆದುಕೊಟ್ಟ ಚೀಟಿ ಹಿಡಿದು ಸ್ಟೀರಾಯ್ಡ್ ಗುಳಿಗೆ ನುಂಗಬಾರದು. 2020ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ವೈದ್ಯರು ಒಂದು ದೊಡ್ಡ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧಿಯು ಆಮ್ಲಜನಕ ಬೇಕಾದಷ್ಟು ಕಾಯಿಲೆ ಏರಿದ ಕೋವಿಡ್ ರೋಗಿಗಳ ಜೀವ ಉಳಿಸಿತು. ಆಮ್ಲಜನಕ ಬೇಡವಾದ ರೋಗಿಗಳಿಗೆ ಅದರಿಂದ ಯಾವ ಲಾಭವೂ ಆಗಲಿಲ್ಲ. ಆದರೂ 2021ರಲ್ಲಿ ಎಷ್ಟೋ ಜನ ಅದನ್ನು ಮನೆಯಲ್ಲೇ, ಮೊದಲ ದಿನದಿಂದಲೇ ನುಂಗಿದರು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿತು. ಕಪ್ಪು ಶಿಲೀಂಧ್ರದ ರೋಗ ಬಂದು ಕಣ್ಣು ಕಳೆದುಕೊಂಡವರೂ ಉಂಟು. ಅದೇ ಔಷಧಿ ಕಾಲ ನೋಡಿ ಕೊಟ್ಟರೆ ಅಮೃತ, ಕಾಲವಲ್ಲದ ಕಾಲದಲ್ಲಿ ತೆಗೆದುಕೊಂಡರೆ ವಿಷ.

ಗಾಳಿಸುದ್ದಿಯೂ ಒಂದು ಸೋಂಕೇ. ಹತ್ತು ಸೆಕೆಂಡು ಉಸಿರು ಹಿಡಿದು ಕೆಮ್ಮು ಬಾರದಿದ್ದರೆ ರೋಗವಿಲ್ಲ ಎಂದು 2020ರಲ್ಲಿ ಹರಡಿದರು. ಕರ್ಪೂರ, ಲವಂಗ, ಓಮ ಗಂಟು ಕಟ್ಟಿ ಮೂಸಿದರೆ ಆಮ್ಲಜನಕ ಏರುತ್ತದೆ ಎಂದು 2021ರಲ್ಲಿ ಹರಡಿದರು. ಎರಡೂ ನಿಜವಲ್ಲ. ಕಷಾಯ ಕುಡಿಯಬೇಡಿ ಎಂದು ನಾವು ಹೇಳುವುದಿಲ್ಲ. ಬಿಸಿ ಕಷಾಯ ಗಂಟಲಿಗೆ ಹಿತ. ಆದರೆ ಕಷಾಯ ಕುಡಿದೆನೆಂದು ಪಂಪು ಬಿಡಬಾರದು.

ನಾಲ್ಕನೆಯದು ಗಮನ. ಕೋವಿಡ್ ಒಂದು ವಿಚಿತ್ರ ಮೋಸ ಮಾಡಿತು. ಕೆಲವರಲ್ಲಿ ರಕ್ತದ ಆಮ್ಲಜನಕ ಕುಸಿಯುತ್ತಿದ್ದರೂ ದಮ್ಮು ಎನಿಸಲಿಲ್ಲ. ಮಾತಾಡುತ್ತ, ಚಹಾ ಕುಡಿಯುತ್ತ ಇದ್ದವರು ನೋಡುನೋಡುತ್ತ ಕುಸಿದರು. ದಮ್ಮಿನವರಿಗೆ ಇದರ ವಿರುದ್ಧದ ಮೋಸ. ಅವರಿಗೆ ದಮ್ಮು ದಿನದ ನೆಂಟ. ಇಂದು ಬಂದದ್ದೂ ಅದೇ ಎಂದುಕೊಂಡು ಸುಮ್ಮನಾಗುತ್ತಾರೆ. ಆದುದರಿಂದ ಅನ್ನಿಸಿಕೆಯ ಮೇಲೆ ಬಿಡದೆ ಅಳತೆ ಮಾಡಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಈಗ ತಾವೆಲ್ಲರೂ ಬಲ್ಲಿರಿ. ಅದರ ತತ್ತ್ವವನ್ನು 1970ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ತಕುವೊ ಅಯೋಯಾಗಿ ಎಂಬ ಎಂಜಿನಿಯರು. 2020ರ ಏಪ್ರಿಲಿನಲ್ಲಿ, ಜಗತ್ತೆಲ್ಲ ಆ ಪುಟ್ಟ ಯಂತ್ರಕ್ಕೆ ಬೆರಳು ಕೊಟ್ಟಿದ್ದ ಹೊತ್ತಿನಲ್ಲಿ ಅವರು ತೀರಿಕೊಂಡರು. ಕಾಯಕವೆಂದರೆ ಇಂಥದು. ಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ, ಮಾಡಿದ ಕೆಲಸ ಮನೆಮನೆಯಲ್ಲಿದೆ.

ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂಡಬೇಕು. ಬೆರಳು ತಣ್ಣಗಿರಬಾರದು, ಉಗುರಿಗೆ ಬಣ್ಣ ಇರಬಾರದು. ಚರ್ಮ ಕಪ್ಪಗಿದ್ದವರಲ್ಲಿ ಯಂತ್ರ ಇದ್ದುದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರರಿಗೆ ತಿಳಿಸಬೇಕೆಂದು 2021ರಲ್ಲಿ ಸರ್ಕಾರದ ಸೂಚನೆ ಇತ್ತು. ಬಹುಕಾಲದ ಪುಪ್ಪುಸದ ಕಾಯಿಲೆಯವರಲ್ಲಿ ಕೆಲವರಿಗೆ ಆರಾಮ ಇದ್ದಾಗಲೂ ಸಂಖ್ಯೆ ಕಡಿಮೆಯೇ ಇರುತ್ತದೆ. ಆದ್ದರಿಂದ ತಮ್ಮ ದಿನದ ಸಂಖ್ಯೆ ಎಷ್ಟು, ಎಷ್ಟಕ್ಕೆ ಇಳಿದರೆ ಅಪಾಯ ಎಂದು ಡಾಕ್ಟರರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಯಂತ್ರ ಇಲ್ಲದಿದ್ದರೆ ಗಡಿಯಾರ ಸಾಕು. ಅವರು ಸುಮ್ಮನೆ ಕುಳಿತಾಗ ಒಂದು ನಿಮಿಷದ ಉಸಿರು ಎಣಿಸಿರಿ. 24 ದಾಟಿದರೆ, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ, ತುಟಿ-ಉಗುರು ನೀಲಿಯಾದರೆ, ಎದೆ ನೋವು ಬಂದರೆ, ಮಾತು ತಡವರಿಸಿ ಮಂಪರು ಕವಿದರೆ ಆಗ ಮನೆಯಲ್ಲಿ ಇರುವುದು ಸುರಕ್ಷಿತವಲ್ಲ. ಆಗ ಆಸ್ಪತ್ರೆಯೇ ಸುರಕ್ಷಿತ. 108ಕ್ಕೆ ಫೋನು ಮಾಡಬೇಕು. ಬೆಳಗಾಗಲಿ ನೋಡೋಣ ಎನ್ನಬಾರದು. ಗಾಡಿ ಬರುವವರೆಗೆ ಬೆನ್ನಿಗೆ ಆಸರೆ ಕೊಟ್ಟು ಕೂಡಿಸಿರಿ. ಎಚ್ಚರ ಇದ್ದವರು, ಊಟ ಮಾಡಿ ಒಂದು ಗಂಟೆ ಕಳೆದವರು, ಬಸುರಿಯಲ್ಲದವರು, ಹೃದಯದ ದೊಡ್ಡ ಕಾಯಿಲೆ ಇಲ್ಲದವರು ದಿಂಬು ಇಟ್ಟುಕೊಂಡು ಬೋರಲು ಮಲಗಿದರೆ ಕೆಲವರಿಗೆ ಆಮ್ಲಜನಕ ಸ್ವಲ್ಪ ಏರುತ್ತದೆ. ಅದು ದಾರಿಯ ಆಸರೆ ಮಾತ್ರ. ಆಸ್ಪತ್ರೆಯ ಬದಲು ಅಲ್ಲ.

2021ರ ಏಪ್ರಿಲ್-ಮೇ ತಿಂಗಳಲ್ಲಿ ಸಿಲಿಂಡರಿಗಾಗಿ ಜನ ಪಟ್ಟ ಪಾಡು ಯಾರೂ ಮರೆಯುವಂಥದಲ್ಲ. ಅಂಜಿಕೆಯಿಂದ ಕೆಲವರು ಬೇಕಿಲ್ಲದಿದ್ದರೂ ತಂದು ಮನೆಯಲ್ಲಿ ಇಟ್ಟುಕೊಂಡರು. ಒಂದು ಮನೆಯಲ್ಲಿ ಸುಮ್ಮನೆ ನಿಂತ ಸಿಲಿಂಡರು ಇನ್ನೊಂದು ಮನೆಯಲ್ಲಿ ನಿಂತುಹೋದ ಉಸಿರು. ದಾಸೋಹದ ನಾಡಿನಲ್ಲಿ ಹೀಗಾಗಬಾರದು. ಡಾಕ್ಟರರ ಮಾತಿನ ಮೇಲೆ ಮನೆಯಲ್ಲಿ ಆಮ್ಲಜನಕ ಇಟ್ಟುಕೊಂಡವರು ಅದರ ಬಳಿ ದೀಪ, ಒಲೆ, ಬೀಡಿ ತರಲೇಬಾರದು. ಅದರ ಹತ್ತಿರ ಕಿಡಿ ಕೂಡ ಜ್ವಾಲೆಯಾಗುತ್ತದೆ. ಹಳೆಯ ಪುಪ್ಪುಸದ ಕಾಯಿಲೆಯವರಿಗೆ ಆಮ್ಲಜನಕ ಅತಿಯಾದರೂ ಕೇಡು. ಹೇಳಿದ ಅಳತೆಗಿಂತ ಹೆಚ್ಚು ತಿರುಗಿಸಬಾರದು.

ಐದನೆಯದು ಮಾತು. ಇದನ್ನು ಕೊನೆಗೆ ಇಟ್ಟಿದ್ದೇವೆ, ಕಡಿಮೆ ಎಂದಲ್ಲ. ಮೇಲೆ ಹೇಳಿದ ನಾಲ್ಕೂ ಇದರ ಮೇಲೆಯೇ ನಿಂತಿವೆ. ಕೆಮ್ಮನ್ನು ಸೆರಗಿನಲ್ಲಿ ಬಚ್ಚಿಟ್ಟವಳ ಉಸಿರನ್ನು ಯಾರು ಎಣಿಸುತ್ತಾರೆ? ಪಂಪಿನ ಸಪ್ಪಳಕ್ಕೆ ನಾಚಿದವಳ ಔಷಧಿ ಯಾರು ನೋಡುತ್ತಾರೆ? ನಡುರಾತ್ರಿ ದಮ್ಮು ಹತ್ತಿದರೆ "ಮಗಾ, ಏಳಪಾ" ಎಂದು ಕೂಗುವ ಧೈರ್ಯ ಆ ತಾಯಿಗೆ ಇಲ್ಲದಿದ್ದರೆ 108 ಇದ್ದು ಏನು ಫಲ? ಅಂತರ ಇರಬೇಕಾದ್ದು ಮೈಗೆ, ಮನಸ್ಸಿಗಲ್ಲ. ಎರಡು ಮಾರು ದೂರ ಕುಳಿತು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ದಿನಕ್ಕೆ ಹತ್ತು ನಿಮಿಷ ಮಾತಾಡುವುದಕ್ಕೆ ಏನು ಖರ್ಚು? ಊಟದ ತಾಟನ್ನು ಬಾಗಿಲಲ್ಲಿ ಸರಿಸಿ ಹೋಗುವವನು ಅನ್ನ ಕೊಟ್ಟಾನು, ಪ್ರಸಾದ ಕೊಡಲಾರ. ಆ ದಿನಗಳಲ್ಲಿ ನಮ್ಮ ನಾಡಿನ 42 ಸಾವಿರದಷ್ಟು ಆಶಾ ಕಾರ್ಯಕರ್ತೆಯರು ಮನೆಮನೆಗೆ ನಡೆದು ಹೋಗಿ, ವಯಸ್ಸಾದವರು ಯಾರು, ದಮ್ಮಿನವರು ಯಾರು ಎಂದು ವಿಚಾರಿಸಿ ಬರೆದುಕೊಂಡರು. ಊರಿನ ಹೆಣ್ಣುಮಗಳು ಹೊರಗಿನಿಂದ ಬಂದು ಕೇಳಿದ್ದನ್ನು ಒಳಗೆ ಇದ್ದ ನಾವು ಕೇಳದಿದ್ದರೆ ಹೇಗೆ?

ಆ ಭಕ್ತರು ತಾಯಿಯನ್ನು ಪಡಸಾಲೆಗೆ ತಂದರು. ಒಲೆಯನ್ನು ಹಿತ್ತಿಲಿಗೆ ಹಾಕಿದರು. ಡಾಕ್ಟರರನ್ನು ಫೋನಿನಲ್ಲಿ ಕೇಳಿ ಪಂಪು ಮತ್ತೆ ಹಿಡಿಸಿದರು. ಹೊತ್ತು ಹೊತ್ತಿಗೆ "ಆಯೀ, ಪಂಪು ತಗೊಂಡೀ?" ಎಂದು ದೂರದಿಂದಲೇ ಕೇಳುವ ಕೆಲಸ ಮೊಮ್ಮಗಳ ಪಾಲಿಗೆ ಬಂತು. ದಮ್ಮು ಪೂರ್ತಿ ಹೋಗಲಿಲ್ಲ, ಆ ವಯಸ್ಸಿನಲ್ಲಿ ಹೋಗುವಂಥದೂ ಅಲ್ಲ. ಆದರೆ ರಾತ್ರಿ ನಿದ್ದೆ ಬಂತು.

ಈಗ ಆ ಕಾಲ ಕಳೆಯಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ಡಿನ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ತುರ್ತು ಮುಗಿಯಿತು, ರೋಗಾಣು ಹೋಗಲಿಲ್ಲ. ಫ್ಲೂ ಜ್ವರ ವರುಷ ವರುಷವೂ ಬರುತ್ತದೆ. ದಮ್ಮಿನವರಿಗೆ ಅದೂ ಭಾರವೇ. ಅದಕ್ಕೆ ಲಸಿಕೆ ಇದೆ, ಡಾಕ್ಟರರನ್ನು ಕೇಳಿ ಹಾಕಿಸಿಕೊಳ್ಳಬೇಕು. ಇನ್ನೊಂದು ಮಹಾಮಾರಿ ಯಾವಾಗ ಬಂದೀತೆಂದು ಬಲ್ಲವರಿಲ್ಲ. ಬಂದರೆ ಮತ್ತೆ ಎಲ್ಲರೂ ಮನೆ ಸೇರಬೇಕಾದೀತು. ಆಗ ಆ ಮನೆ ಹೇಗಿರಬೇಕೆಂಬುದು ಇಂದು ನಾವು ಮಾಡುವ ಕೆಲಸದ ಮೇಲಿದೆ.

ಆದುದರಿಂದ ಇಂದು ಮನೆಗೆ ಹೋದ ಮೇಲೆ ತಾವು ಮೂರು ಕೆಲಸ ಮಾಡಬೇಕು. ಮುಚ್ಚಿ ತುಕ್ಕು ಹಿಡಿದ ಕಿಟಕಿ ಇದ್ದರೆ ತೆರೆಯಿರಿ. ಮನೆಯಲ್ಲಿ ದಮ್ಮಿನವರಿದ್ದರೆ ಅವರ ಔಷಧಿಯ ಡಬ್ಬಿ ನೋಡಿ, ಎಷ್ಟು ದಿನಕ್ಕೆ ಆಗುತ್ತದೆ ಎಂದು ಎಣಿಸಿರಿ. ಮೂರನೆಯದಾಗಿ ಅವರ ಬಳಿ ಕುಳಿತು, "ರಾತ್ರಿ ಎಷ್ಟು ಹೊತ್ತಾಗಿರಲಿ, ದಮ್ಮು ಹತ್ತಿದರೆ ನನ್ನನ್ನು ಎಬ್ಬಿಸು" ಎಂದು ಬಾಯಿ ಬಿಟ್ಟು ಹೇಳಿರಿ. ಮನಸ್ಸಿನಲ್ಲಿ ಇದ್ದರೆ ಸಾಲದು, ಹೇಳಬೇಕು. ಅಂಜದೆ ಕೆಮ್ಮಬಹುದಾದ ಮನೆಯೇ ಉಸಿರನ್ನು ಕಾಯುವ ಮನೆ. ಇಷ್ಟು ಹೇಳಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.